ಜಪಾನಿನಲ್ಲಿರುವ ನಮ್ಮ ಬೀಗರು

ನಮ್ಮ ಮನೆಯವರಿಗೆ ನಮ್ಮೂರು ಹೊರ್ತಿಯಲ್ಲೇ ಇರುವ ನೆಂಟರಿಗಿಂತ ಜಪಾನಿನಲ್ಲಿರುವ ನೆಂಟರೇ ಹತ್ತಿರದವರು ಎಂದರೆ ನೀವು ನಗುತ್ತೀರಿ. ನಗಿರಿ! ಆ ನೆಂಟರೆಲ್ಲ ಸತ್ತು ಎಂಟುನೂರು ವರ್ಷದ ಮೇಲಾಯಿತು ಎಂದರೆ ಇನ್ನೂ ನಗುತ್ತೀರಿ. ಆದರೆ ಅವರ ಪೈಕಿ ಒಬ್ಬ ರಾಜನ ಸಲುವಾಗಿ ನನ್ನ ಮೊಸರಿನ ಗಡಿಗೆಯ ತಳಕ್ಕೆ ಏಳು ತೂತು ಬಿದ್ದವು ಎಂದರೆ, ನಮ್ಮ ಸೀಮೆಯ ಯಾವ ಹೆಂಗಸೂ ನಗುವುದಿಲ್ಲ.

ಮನೆಯವರ ಹೆಸರು ಕೇಳಬೇಡಿ. ನಮ್ಮಲ್ಲಿ ಗಂಡನ ಹೆಸರನ್ನು ಹಾಗೆ ಬಾಯಿ ಬಿಟ್ಟು ಹೇಳುವುದಿಲ್ಲ, ಒಡಪು ಹಾಕಿ, ಅಂದರೆ ಪ್ರಾಸದ ಪದ್ಯದಲ್ಲಿ ಹುದುಗಿಸಿ ಹೇಳಬೇಕು. ಒಡಪು ಕಟ್ಟುವಷ್ಟು ಪುರುಸೊತ್ತು ಸದ್ಯ ನನಗಿಲ್ಲ. ಯಾಕಿಲ್ಲ ಎಂಬುದನ್ನು ಕಡೆಗೆ ಹೇಳುತ್ತೇನೆ. ಹೇಳದೆ ಬಿಡುವುದೂ ಇಲ್ಲ, ಬಿಟ್ಟರೆ ನನ್ನ ಹೊಟ್ಟೆ ಒಡೆದೀತು!

ಅವರು ನಿಂಬೆ ತೋಟದ ಮನುಷ್ಯ. ಸಾಲಿಯಲ್ಲಿ ಇತಿಹಾಸದ ಮಾಸ್ತರರನ್ನು ಕಂಡರೆ ಬೇಲಿ ಹಾರಿ ಓಡಿದವರು. ಅಂಥವರು ಮೂರು ವರ್ಷದ ಹಿಂದೆ ಒಂದು ಸಂಜೆ ಕಿರಾಣಿ ಅಂಗಡಿಯಿಂದ ಶೇಂಗಾ ತಂದರು. ತಿನ್ನುತ್ತ ತಿನ್ನುತ್ತ ಪೊಟ್ಟಣದ ಕಾಗದ ಓದಿದರು. ಜಪಾನಿನ ಒಬ್ಬ ರಾಜ ಹಾಡಿನ ಹುಚ್ಚ. ಅರಮನೆಯ ಹಾಡಲ್ಲ, ಬೀದಿಯಲ್ಲಿ ಹಾಡಿಕೊಂಡು ತಿರುಗುವವರ ಹಾಡು. ಹಾಡಿ ಹಾಡಿ ಗಂಟಲು ಬಾತು, ನೀರು ಕೂಡ ಇಳಿಯಲಿಲ್ಲವಂತೆ. ಆದರೂ ಬಿಡಲಿಲ್ಲವಂತೆ. ಅಲ್ಲಿಗೆ ಕಾಗದ ಮುಗಿಯಿತು. ನಮ್ಮವರು ಊರಿನ ಭಜನಿ ಮೇಳದಲ್ಲಿ ಮುಂದಿನ ದನಿ. ಬಾಯಲ್ಲಿದ್ದ ಶೇಂಗಾ ಬಾಯಲ್ಲೇ ಉಳಿಯಿತು, ಎದ್ದು ಅಂಗಡಿಗೆ ಓಡಿದರು.

"ಈ ಪುಸ್ತಕ ಎಲ್ಲೈತಿ?"

"ಅರ್ಧಾ ಐತ್ರಿ ಮಾಮಾ, ಅರ್ಧಾ ಗಿರಾಕಿ ಒಯ್ದ್ರು," ಅಂದನಂತೆ ಅಂಗಡಿಯವನು.

ರಟ್ಟಿಲ್ಲದ, ತಲೆಯಿಲ್ಲದ ಆ ಅರ್ಧ ಪುಸ್ತಕ ಮನೆಗೆ ಬಂತು. ಇನ್ನರ್ಧ? ಮರುದಿನದಿಂದ ನಮ್ಮವರು ಮನೆ ಮನೆ ತಿರುಗಿದರು.

"ಅಕ್ಕಾರ, ನಮ್ಮ ರಾಜನ ಅಪ್ಪ ನಿಮ್ಮನಿಗೆ ಬಂದಾನೇನ್ರಿ?"

"ಯಾವ ರಾಜಾ? ಯಾರಪ್ಪ?"

"ಮಂಗಳವಾರ ಪುಟಾಣಿ ತಂದಿರಲ್ರಿ, ಅದರ ಸುತ್ತ ಇದ್ನಲ್ರಿ!"

ಊರಿನ ಹೆಂಗಸರು ಬಾವಿಯ ಹತ್ತಿರ ನನ್ನನ್ನು ಹಿಡಿದು ಕೇಳುತ್ತಿದ್ದರು: "ಏನವ್ವಾ, ಮನ್ಯಾಗ ಎಲ್ಲಾ ಆರಾಮ ಅದೀರಿಲ್ಲೋ?" ಆ 'ಎಲ್ಲಾ' ಯಾರು ಎಂದು ನನಗೆ ಗೊತ್ತಾಗುತ್ತಿರಲಿಲ್ಲವೆ! ರಾಜನ ಪಟ್ಟಾಭಿಷೇಕ ಇಂಡಿ ಬಸ್‌ ಸ್ಟ್ಯಾಂಡಿನ ಮಿರ್ಚಿ ಗಾಡಿಯಲ್ಲಿ ಸಿಕ್ಕಿತು, ಎಣ್ಣೆಯಲ್ಲಿ ಅದ್ದಿ ಫಳಫಳ ಹೊಳೆಯುತ್ತಿತ್ತು. ರಾಜನ ಅಣ್ಣ ಒಬ್ಬ ಬಳೆಗಾರನ ಗಂಟಿನಲ್ಲಿ ಮುದ್ದೇಬಿಹಾಳಕ್ಕೆ ಹೋಗಿದ್ದ. ರಾಜನ ತಾಯಿ ಬಸವನ ಬಾಗೇವಾಡಿಯಲ್ಲಿ ಯಾರದೋ ಮಗಳ ಮನೆಯ ಗೋಡೆಯ ಮಾಡದಲ್ಲಿ ಹಾಸಿಕೊಂಡು ಮಲಗಿದ್ದಳು, ಮೇಲೆ ಅರಿಶಿನ-ಕುಂಕುಮದ ಬಟ್ಟಲು! ಎರಡೂ ಊರಿಗೆ ಬಸ್ಸು ಹತ್ತಿ ಹೋಗಿ ತಂದರು. ಖಾಲಿ ಕೈಯಲ್ಲಿ ಹೋಗಬಾರದೆಂದು ಚೀಲದ ತುಂಬ ನಿಂಬೆಹಣ್ಣು ಒಯ್ದು ಕೊಟ್ಟುಬಂದರು. ಹಾಳೆಗಳನ್ನೆಲ್ಲ ಹೊಂದಿಸಿ, ನಿಂಬೆ ಚೀಲ ಹೊಲಿಯುವ ದಬ್ಬಣ ಮತ್ತು ಸುತಳಿಯಿಂದ ಹೊಲಿದರು. ಪುಸ್ತಕಕ್ಕೆ ಹತ್ತು ಮನೆಯ ವಾಸನೆ ಇತ್ತು.

ಅಲ್ಲಿಂದ ಮುಂದೆ ನಮ್ಮ ಊಟದ ಹೊತ್ತಿನ ಮಾತೆಲ್ಲ ರಾಜನ ಮನೆಯದೇ. ಅವರ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗಲಿಲ್ಲ. 'ನಮ್ಮ ರಾಜಾ' ಅಂದರೆ ರಾಜ, 'ಸೇನಾಪತಿ ಬೀಗ' ಅಂದರೆ ರಾಜನ ಸೊಸೆಯ ಅಪ್ಪ. ಸಾಕಲ್ಲ? ರಾಜನ ಅಪ್ಪನಿಗೆ ಈ ಮಗನ ಮೇಲೆ ಪ್ರೀತಿ ಅಷ್ಟಕ್ಕಷ್ಟೆ. ಹಾಡಿಕೊಂಡು ತಿರುಗುವ ಮಗನನ್ನು ಯಾರು ತಾನೆ ಗದ್ದುಗೆಗೆ ಕೂರಿಸುತ್ತಾರೆ? ಆದರೂ ಇವನ ನಸೀಬು ತೆರೆಯಿತು. ಅಣ್ಣ-ತಮ್ಮ ಬಡಿದಾಡಿದರು, ಅಣ್ಣ ಸೋತು ಸಮುದ್ರದಾಚೆಯ ದ್ವೀಪ ಸೇರಿದ. ಈ ರಾಜ ಮಾತ್ರ ಮೂರೇ ವರ್ಷ ಗದ್ದುಗೆಯಲ್ಲಿ ಕುಳಿತು ಮಗನಿಗೆ ಬಿಟ್ಟುಕೊಟ್ಟ. ಆಮೇಲೆ ತಲೆ ಬೋಳಿಸಿ ಸನ್ಯಾಸಿಯೂ ಆದ. ಆದರೆ ಹಿಂದೆ ಕುಳಿತು ರಾಜ್ಯವಾಳಿದವನು ಇವನೇ!

"ಹ್ಯಾಂಗ ನೋಡು ಅವನ ತಲಿ!" ಅಂದರು ನಮ್ಮವರು, ರೊಟ್ಟಿ ಮುರಿಯುತ್ತ.

"ಅದಕ್ಯಾಕ ಜಪಾನಿಗೆ ಹೋಗಬೇಕ್ರಿ?" ಅಂದೆ ನಾನು. "ನಿಮ್ಮಪ್ಪ ಮನಿ ನಿಮ್ಮ ಕೈಗೆ ಕೊಟ್ಟು ಟ್ರಂಕಿನ ಕೀಲಿ ಉಡದಾರಕ್ಕ ಕಟ್ಟಿಕೊಂಡಿರಲಿಲ್ಲೇನು?"

ಎರಡು ದಿನ ರಾಜನ ಸುದ್ದಿ ಬಂದ್ ಆಯಿತು. ಮೂರನೆಯ ದಿನ ಮತ್ತೆ ಶುರು.

ಈಗ ನಮ್ಮ ಮಗಳ ಮಾತಿಗೆ ಬರುತ್ತೇನೆ. ಒಬ್ಬಳೇ ಮಗಳು, ಸಿಂದಗಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಆರು ವರ್ಷ. ಎರಡು ಸಲ ಬಸುರಾದಳು, ಎರಡು ಸಲವೂ ಐದನೆಯ ತಿಂಗಳಿಗೆ ಹೋಯಿತು. ಮೂರನೆಯ ಸಲ ಐದು ದಾಟಿತು, ಆರು ದಾಟಿತು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕಳಿಸಲು ಬೀಗತಿಯೇ ಜೊತೆಗೆ ಬಂದರು. ನಮ್ಮ ಬೀಗತಿ ಎಂದರೆ ಮಡಿ, ದಿಕ್ಕು, ಗಳಿಗೆ ಎಲ್ಲ ಕಟ್ಟುನಿಟ್ಟು. ಅವರು ಬರುವ ದಿನವೇ ನಮ್ಮವರ ದನಿ ಬಿದ್ದುಹೋಗಬೇಕೆ! ರಾಜನ ಹಾಗೆ ಹಾಡುತ್ತೇನೆಂದು ಮೂರು ದಿನ ತೋಟದಲ್ಲಿ ಹಗಲೆಲ್ಲ ಹಾಡಿದ್ದರು. ಬೀಗತಿ ಒಳಗೆ ಬಂದರೆ ಇವರು ಬಾಯಿ ತೆರೆಯುತ್ತಾರೆ, ದನಿ ಬರುವುದಿಲ್ಲ. ಕೈ ಮಾಡಿ ಕೂಡ್ರಿ ಎಂದರು. ಕೈ ಮಾಡಿ ಉಣ್ರಿ ಎಂದರು.

ಬೀಗತಿ ನನ್ನನ್ನು ಅಡುಗೆಮನೆಗೆ ಕರೆದರು. "ಅಕ್ಕಾರ, ಬೀಗರಿಗೆ ನಮ್ಮ ಮ್ಯಾಲೆ ಸಿಟ್ಟೇನ್ರಿ? ಹುಡುಗಿಗೆ ಎರಡು ಸಲ ಹಂಗಾತಲ್ಲಾ, ನಾವು ನೋಡಿಕೊಳ್ಳಲಿಲ್ಲಂತ ಮನಸ್ಸಿನ್ಯಾಗ ಇಟ್ಟಾರೇನು?"

"ಇಲ್ರಿ ಅಕ್ಕಾರ, ಜಪಾನಿನ ರಾಜಾಗ ಗಂಟಲ ಬಾತಿತ್ತು, ಅದಕ್ಕ," ಅಂದೆ.

ಬೀಗತಿ ನನ್ನನ್ನೇ ನೋಡಿದರು. ಆಮೇಲೆ ನನ್ನ ಜೊತೆಗೂ ಕಡಿಮೆ ಮಾತಾಡಿದರು.

ಎಂಟನೆಯ ತಿಂಗಳಿಗೆ ಬಿಪಿ ಏರಿತು. ಇಂಡಿಯ ಡಾಕ್ಟರಮ್ಮ ಹೇಳಿದರು: ಎಡಮಗ್ಗುಲಲ್ಲಿ ಮಲಗಬೇಕು, ಏಳಬಾರದು, ಉಪ್ಪು ಕಡಿಮೆ, ಮೊಬೈಲು ನೋಡಬಾರದು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು. ಊರಿನ ನರ್ಸಬಾಯಿ ದಿನಾ ಬಂದು ತೋಳಿಗೆ ಪಟ್ಟಿ ಕಟ್ಟಿ ನೋಡಿ ಹೋಗಬೇಕು. ಅವತ್ತಿನಿಂದ ನಮ್ಮ ಮನೆ ಉಸಿರು ಬಿಗಿಹಿಡಿಯಿತು. ನಾನು ಪಾತ್ರೆ ಸದ್ದಾಗದಂತೆ ತೊಳೆದೆ. ರೊಟ್ಟಿ ಬಡಿಯುವುದನ್ನು ಪಕ್ಕದ ಮನೆಗೆ ಒಯ್ದೆ. ಅಟ್ಟದ ಮೇಲೆ ಮಗಳು ಮಲಗಿ ಬೆಳೆದ ತೊಟ್ಟಿಲಿತ್ತು. ಅದನ್ನು ಇಳಿಸಬೇಕೆಂದು ನನಗೂ ಇತ್ತು, ಅವಳಿಗೂ ಇತ್ತು. ಇಬ್ಬರೂ ಅತ್ತ ನೋಡುತ್ತಿರಲಿಲ್ಲ. ಎರಡು ಸಲ ಇಳಿಸಿ, ತೊಳೆದು, ಮತ್ತೆ ಏರಿಸಿದ್ದ ತೊಟ್ಟಿಲದು.

ಮನೆಯಲ್ಲಿ ಬಾಯಿ ನಡೆಯುತ್ತಿದ್ದುದು ಒಬ್ಬರದೇ. ಮಧ್ಯಾಹ್ನ ಊಟವಾದ ಮೇಲೆ ಮಗಳ ಹಾಸಿಗೆಯ ಹತ್ತಿರ ಕುಳಿತು ಪುಸ್ತಕ ತೆಗೆಯುತ್ತಿದ್ದರು.

"ಕೇಳವ್ವಾ ತಂಗಿ. ಇವತ್ತ ನಮ್ಮ ರಾಜಾ ಎಪ್ಪತ್ತು ದಾಟಿದ ಮುದುಕೀನ ಕರೆಸ್ತಾನ, ಹಾಡು ಕಲಿಯಾಕ. ಮುದುಕಿ ಒಲ್ಲೆ ಅಂತಾಳ. ನನಗ ವಯಸ್ಸಾಗೇತಿ, ಅರಮನಿಗೆ ಬರಾಕ ನಾಚಿಕಿ ಅಂತಾಳ."

"ಆಮ್ಯಾಲೆ?"

"ರಾಜಾ ಬಿಡ್ತಾನ? ಕಲಿತ. ಅಕಿ ಜಡ್ಡಾಗಿ ಮಲಗಿದಾಗ ತಾನ ಹೋಗಿ ಹಾಸಿಗಿ ಹತ್ರ ಕುಂತು ಹಾಡಿದ. ಮುದುಕಿ ಅತ್ಲಂತ."

"ನಿಮ್ಮ ಹಾಡು ಕೇಳಿದ್ರ ಯಾರರ ಅಳೂದ," ಅಂದೆ ನಾನು ಬಾಗಿಲಲ್ಲಿ ನಿಂತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಜೀವ ಹಾರಿತು, ನಕ್ಕು ಏನಾದರೂ ಆದರೆ? ಅಷ್ಟರಲ್ಲಿ ನರ್ಸಬಾಯಿ ಬಂದು ಪಟ್ಟಿ ಕಟ್ಟಿ ನೋಡಿದಳು. ಬಿಪಿ ನಿನ್ನೆಗಿಂತ ಇಳಿದಿತ್ತು! ಅವತ್ತಿನಿಂದ ಜಪಾನಿನ ರಾಜನಿಗೆ ನನ್ನ ಕಡೆಯಿಂದ ದಿನಾ ಒಂದು ಲೋಟ ಚಹಾ. ಕುಡಿಯುತ್ತಿದ್ದವರು ಇವರು.

ಹೀಗೆ ಓದುತ್ತ ಓದುತ್ತ ರಾಜನ ಸೊಸೆ ಬಸುರಾದಳು. ಅವರಲ್ಲೂ ನಮ್ಮ ಹಾಗೆಯೇ ಬಾಣಂತನ ತವರಿನ ಕಡೆಯದಂತೆ! ಇದನ್ನು ಓದಿದ ದಿನ ನಮ್ಮವರ ಮುಖ ನೋಡಬೇಕಿತ್ತು. "ಎಂಟನೂರು ವರ್ಷದ ಹಿಂದ ಜಪಾನಿನ್ಯಾಗೂ ಚೊಚ್ಚಲ ಹೆರಿಗಿ ನಮ್ಮ ಹೊರ್ತ್ಯಾಗ ಆದಂಗ ಆಗತಿತ್ತು!" ಎಂದು ಕುಣಿದರು. ಸೊಸೆಯ ಅಪ್ಪ, ಆ ಸೇನಾಪತಿ ಬೀಗ, ಎಂಥೆಂಥ ದಂಡು ಎದುರಿಸಿದವನು. ಮಗಳಿಗೆ ಹೆರಿಗೆಯ ಬ್ಯಾನಿ ಶುರುವಾದಾಗ ಮಾತ್ರ ಕೈಕಾಲು ಆಡದೆ ನಿಂತುಬಿಟ್ಟನಂತೆ. ರಾಜ ತಾನೇ ಬಂದು ಪರದೆಯ ಹತ್ತಿರ ಜಪಮಣಿ ಹಿಡಿದು ಕುಳಿತನಂತೆ. ಕೂಸು ಹುಟ್ಟಿದ ಕೂಡಲೆ ಅವರದೊಂದು ಪದ್ಧತಿ: ತಳಕ್ಕೆ ತೂತಿರುವ, ಹಬೆಯಲ್ಲಿ ಅಕ್ಕಿ ಬೇಯಿಸುವ ಗಡಿಗೆಯನ್ನು ಮಾಳಿಗೆಯಿಂದ ಉರುಳಿಸಬೇಕು. ಗಂಡಾದರೆ ದಕ್ಷಿಣಕ್ಕೆ, ಹೆಣ್ಣಾದರೆ ಉತ್ತರಕ್ಕೆ. ಅವತ್ತು ಹುಟ್ಟಿದ್ದು ಗಂಡು. ಗಡಿಬಿಡಿಯಲ್ಲಿ ಗಡಿಗೆಯನ್ನು ಉತ್ತರಕ್ಕೆ ಉರುಳಿಸಿಬಿಟ್ಟರು! ತಪ್ಪಾಯಿತೆಂದು ಎತ್ತಿ ತಂದು ಮತ್ತೆ ದಕ್ಷಿಣಕ್ಕೆ ಉರುಳಿಸಿದರು. ಜನ ಗುಸುಗುಸು ಅಂದರು, ಇದು ಒಳ್ಳೇದಲ್ಲ ಅಂತ.

"ಆ ಕೂಸಿಗೆ ಮುಂದ ಏನಾತಪ್ಪಾ?" ಮಗಳು ಕೇಳಿದಳು.

ನಮ್ಮವರು ಪುಸ್ತಕ ಮುಚ್ಚಿದರು. "ಮುಂದಿನ ಹಾಳಿ ಇಲ್ಲವ್ವಾ. ಶೇಂಗಾದ ಕೂಡ ಹೋದುವು."

ಮಗಳು ದಿನಾ ಕೇಳಿದಳು. ಇವರು ದಿನಾ ಅದನ್ನೇ ಹೇಳಿದರು. ನನಗೆ ಒಂದು ಅನುಮಾನ ಹುಳುವಿನ ಹಾಗೆ ಕೊರೆಯಿತು. ರಾಜನ ಅಣ್ಣನಿಗಾಗಿ ಮುದ್ದೇಬಿಹಾಳಕ್ಕೆ ಹೋದ ಮನುಷ್ಯ, ಮೊಮ್ಮಗನಿಗಾಗಿ ನಮ್ಮೂರಿನ ಒಂದು ಮನೆಗೂ ಯಾಕೆ ಹೋಗಲಿಲ್ಲ?

ಅದರ ಬದಲು ಇನ್ನೊಂದು ಕೆಲಸ ಮಾಡಿದರು. ಒಂದು ಮುಂಜಾನೆ ಹೆಪ್ಪು ಹಾಕಿದ ಗಡಿಗೆ ಕಾಣಲಿಲ್ಲ. ಮೊಸರೆಲ್ಲ ಒಂದು ಬಕೀಟಿನಲ್ಲಿತ್ತು. ಇವರು ಹಿತ್ತಲಲ್ಲಿ ಕುಳಿತು ಮೊಳೆಯಿಂದ ಗಡಿಗೆಯ ತಳ ಕೊರೆಯುತ್ತಿದ್ದರು.

"ಏನ್ ಮಾಡಾಕತ್ತೀರಿ?!"

"ತಯಾರಿ. ಸುಮ್ನಿರು, ಒಂದು ತೂತು ತಪ್ಪೇತಿ."

"ನಿಮ್ಮ ತಲಿಗೇ ಒಂದು ತೂತು ಬಿದ್ದೈತಿ! ಗಂಡು ಹೆಣ್ಣು ಏನಂತ ಹುಟ್ಟೂಮಟಾ ಯಾರಿಗೂ ಗೊತ್ತಿರಂಗಿಲ್ಲ, ಯಾವ ಕಡೆ ಉಳ್ಳಸ್ತೀರಿ?"

ಅವರು ಮತ್ತೊಂದು ತೂತು ಕೊರೆಯತೊಡಗಿದರು. ಒಳಗಿನಿಂದ ಮಗಳು ನಗುವುದು ಕೇಳಿತು, ಹಾಗಾಗಿ ನಾನೂ ಬಿಟ್ಟೆ.

ಎಂಟೂವರೆ ತಿಂಗಳಿಗೆ ಒಂದು ಬೆಳಿಗ್ಗೆ ಮಗಳು ಎದ್ದು "ಯವ್ವಾ, ತಲಿ ಸಿಡಿಯಾಕತ್ತೈತಿ, ಕಣ್ಣ ಮುಂದ ಮಂಜ ಮಂಜ," ಅಂದಳು. ಪಾದ ನೋಡಿದರೆ ಹುಗ್ಗಿ ಗಡಿಗೆಯಂತೆ ಬಾತಿದ್ದವು. ಪಕ್ಕದ ಮನೆಯ ಟಂಟಂ ಆಟೋ ತರಿಸಿ ಹಾಸಿಗೆ ಹಾಸಿ ಇಂಡಿಗೆ ಹೊರಟೆವು. ಮಗಳ ತಲೆ ನನ್ನ ತೊಡೆಯ ಮೇಲೆ. ಎದುರಿಗೆ ನಮ್ಮವರು, ತೊಡೆಯ ಮೇಲೆ ಟವೆಲು ಸುತ್ತಿದ ಗಡಿಗೆ!

"ಮಗಳ ಜೀವಾ ಹೋಗಾಕತ್ತೈತಿ, ನಿಮಗ ಗಡಗಿ!" ಎಂದು ಕೂಗಿದೆ. ಮದುವೆಯಾದಾಗಿನಿಂದ ಅವರ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಅವರು ಗಡಿಗೆಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡರು.

ಡಾಕ್ಟರಮ್ಮ ನೋಡಿದ ಕೂಡಲೆ "ಈಗಿಂದೀಗ ಆಪರೇಷನ್ ಮಾಡಬೇಕು" ಅಂದರು. ಇಬ್ಬರನ್ನೂ ಉಳಿಸಾಕ ನೋಡ್ತೇವಿ ಅಂದರು. ಆ 'ನೋಡ್ತೇವಿ' ಎಂಬ ಮಾತು ಎಷ್ಟು ಭಾರ ಇರುತ್ತದೆ ಎಂದು ಅವತ್ತು ಗೊತ್ತಾಯಿತು. ಅಷ್ಟರಲ್ಲಿ ಸಿಂದಗಿಯಿಂದ ಅಳಿಯ, ಬೀಗತಿ ಬಂದರು. ಅಳಿಯ ಸಹಿ ಮಾಡಿದ. ಬೀಗತಿಗೆ ತಲೆ ಸುತ್ತಿತು, ಬೆಂಚಿನ ಮೇಲೆ ಮಲಗಿಸಿದೆವು. ಬಾಗಿಲು ಮುಚ್ಚಿತು. ತಿರುಗಿ ನೋಡಿದರೆ ನಮ್ಮವರಿಲ್ಲ.

ಮಾಳಿಗೆಗೆ ಹೋಗಿರುತ್ತಾರೆಂದು ನನಗೆ ಗೊತ್ತು! ಸಿಟ್ಟಿನಲ್ಲಿ ಮೆಟ್ಟಿಲು ಏರಿದೆ. ಇವತ್ತು ಆ ಗಡಿಗೆಯನ್ನು ಅವರ ತಲೆಯ ಮೇಲೇ ಒಡೆಯುತ್ತೇನೆ ಎಂದುಕೊಂಡೇ ಏರಿದೆ. ಸುಡು ಬಿಸಿಲು. ಎರಡು ನೀರಿನ ಟಾಕಿಗಳ ನಡುವೆ ಕುಳಿತಿದ್ದರು. ದಕ್ಷಿಣದ ಅಂಚಿಗೂ ಅಲ್ಲ, ಉತ್ತರದ ಅಂಚಿಗೂ ಅಲ್ಲ, ನಟ್ಟನಡುವೆ. ಗಡಿಗೆ ಅಪ್ಪಿಕೊಂಡಿದ್ದರು.

"ಏಳ್ರಿ ಕೆಳಗ."

"ತಪ್ಪು ಕಡೆ ಉಳ್ಳಿಸಿದ್ರ?" ಅಂದರು. "ಅವರು ತಪ್ಪು ಕಡೆ ಉಳ್ಳಿಸಿದ್ರಲ್ಲ."

"ಉಳ್ಳಿಸಿದ್ರ ಉಳ್ಳಿಸ್ಲಿ, ಅವರ ಕೂಸಿಗೂ ನಮಗೂ ಏನು?"

ಅವರು ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಿಚಿದ ಹಾಳೆ ತೆಗೆದರು. ಪುಸ್ತಕದ ಕಡೆಯ ಹಾಳೆಗಳು. ಶೇಂಗಾದ ಕೂಡ ಹೋಗಿರಲಿಲ್ಲ. ಇಷ್ಟು ದಿನವೂ ಅವರ ಎದೆಯ ಮೇಲೇ ಇದ್ದವು.

"ಆ ಕೂಸಿಗೆ ತೊಟ್ಟಿಲದಾಗಿದ್ದಾಗ ಪಟ್ಟ ಕಟ್ಟಿದ್ರು. ಆಮ್ಯಾಲೆ ಯುದ್ಧ ಹತ್ತಿತು. ಸೇನಾಪತಿ ಬೀಗನ ಮಂದಿ ಹಡಗು ಏರಿ ಓಡಿದ್ರು, ಸಮುದ್ರದಾಗ ಸೋತ್ರು. ಕೂಸಿಗೆ ಆರೇಳು ವರ್ಷ. ಅದರ ಆಯಿ, ಅವ್ವನ ಅವ್ವ, ಸೇನಾಪತಿ ಬೀಗನ ಹೇಣ್ತಿ, ಅದನ್ನ ಎತ್ತಿಕೊಂಡು ನೀರಿಗೆ ಹಾರಿದ್ಲು. ತಾಯಿನೂ ಹಾರಿದ್ಲು. ತಾಯಿನ ಎಳದು ಉಳಿಸಿದ್ರು." ಅವರು ಹಾಳೆ ಮತ್ತೆ ಮಡಿಚಿದರು. "ಕೂಸು ಉಳೀಲಿಲ್ಲ. ಇದನ್ನ ಅಕಿಗೆ ಹ್ಯಾಂಗ ಓದ್ಲಿ? ಅಕಿ ಎರಡು ಸಲ..."

ಟವೆಲಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಮಗಳ ಎರಡು ಸಲವೂ ಈ ಮನುಷ್ಯ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಇವರಿಗೇನು ಗೊತ್ತಾಗುತ್ತದೆ, ಹಾಡು, ತೋಟ, ರಾಜ ಇಷ್ಟೇ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ನಾನು ಅವರ ರಟ್ಟೆ ಹಿಡಿದು ಎಬ್ಬಿಸಿದೆ. ಗಡಿಗೆ ಕಸಿದುಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

ಕೆಳಗೆ ಓಣಿಯಂಥ ಉದ್ದ ಹಾದಿಯಲ್ಲಿ ಬೆಂಚಿನ ಮೇಲೆ ಕುಳಿತೆವು. ಬೀಗತಿ ಮಲಗಿದ್ದಲ್ಲೇ ಒಂದು ಕಣ್ಣು ತೆರೆದು ಕೇಳಿದರು: "ಏನ್ರಿ ಅದು?"

"ಗಡಗಿರಿ," ಅಂದೆ. ಅವರು ಮತ್ತೆ ಕಣ್ಣು ಮುಚ್ಚಿದರು.

ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ಬಾಗಿಲು ತೆರೆಯಿತು. ಆಸ್ಪತ್ರೆಯ ನರ್ಸಬಾಯಿ ತಲೆ ಹಾಕಿದಳು. "ತಾಯಿ ಆರಾಮ ಅದಾಳ. ಹೆಣ್ಣು ಕೂಸು," ಅಂದಳು. ಆಮೇಲೆ ದನಿ ತಗ್ಗಿಸಿ, "ಇನ್ನ ಅತ್ತಿಲ್ಲ. ಡಾಕ್ಟರ ನೋಡಾಕತ್ತಾರ," ಎಂದು ಒಳಗೆ ಹೋದಳು.

ಅತ್ತಿಲ್ಲ! ನನ್ನ ಕಿವಿಯೆಲ್ಲ ಆ ಬಾಗಿಲಿಗೆ ಅಂಟಿತು. ಅಳಿಯ ಗೋಡೆಗೆ ಹಣೆ ಹಚ್ಚಿ ನಿಂತ. ಬೀಗತಿ ಎದ್ದು ಕುಳಿತರು. ಆ ಹೊತ್ತಿನಲ್ಲಿ ನಮ್ಮವರ ಕೈಯಿಂದ ಗಡಿಗೆ ಜಾರಿತು. ಟವೆಲು ಬಿಚ್ಚಿಕೊಂಡು, ನಯವಾದ ಫರಸಿಯ ಮೇಲೆ ಗಡಗಡಗಡ ಎಂದು ಉರುಳಿತು, ಉರುಳಿತು, ಇಡೀ ಹಾದಿ ಉರುಳಿ ಕಡೆಯ ಗೋಡೆಗೆ ಧಡ್ ಎಂದು ಬಡಿಯಿತು. ಅಂಚಿನ ಒಂದು ಚೂರು ಹಾರಿತು, ಗಡಿಗೆ ಒಡೆಯಲಿಲ್ಲ.

ನಮ್ಮವರು ದಡಬಡಿಸಿ ಎದ್ದರು. "ಯಾವ ದಿಕ್ಕ ಅದು? ಯಾವ ದಿಕ್ಕ ಅದು?" ಎಂದು ಎಲ್ಲರನ್ನೂ ಹಿಡಿದು ಕೇಳಿದರು. ಕಿಡಕಿ ಇಲ್ಲದ ಹಾದಿ, ಟ್ಯೂಬಲೈಟಿನ ಬೆಳಕು. ಯಾರಿಗೆ ಗೊತ್ತು? ನನಗಂತೂ ನನ್ನ ಬಲಗೈ ಯಾವುದೆಂದೂ ಆಗ ಗೊತ್ತಿರಲಿಲ್ಲ.

"ಉತ್ತರರಿ!" ಅಂದರು ಬೀಗತಿ ಖಡಾಖಂಡಿತ. "ಆ ಕಡೆ ತಲಿ ಹಾಕಿ ಮಲಗಬಾರದಂತ ನಾನು ಆಗಳೆ ತಲಿ ಈ ಕಡೆ ಮಾಡೇನಿ! ಯಾಕ್ರಿ?"

ಉತ್ತರ! ಹೆಣ್ಣಿಗೆ ಉತ್ತರ! ನಮ್ಮವರು ಬೀಗತಿಯ ಕಾಲಿಗೆ ಬೀಳಲು ಹೋದರು. ಅವರು "ಅಯ್ಯ, ಬೀಗರಽ!" ಎಂದು ಕಾಲು ಮೇಲೆಳೆದುಕೊಂಡರು. ಅಷ್ಟರಲ್ಲೇ ಒಳಗಿನಿಂದ ಬಂತು ನೋಡಿ, ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಒಂದು ಸಲ. ಆಮೇಲೆ ದೊಡ್ಡದಾಗಿ. ಆಮೇಲೆ ನಿಲ್ಲಲೇ ಇಲ್ಲ! ಡಾಕ್ಟರಮ್ಮನ ಕೈಗುಣವೋ, ಗಡಿಗೆಯ ಸದ್ದೋ, ದೇವರಿಗೆ ಗೊತ್ತು. ನಾನು ಬೀಗತಿಯನ್ನು ಅಪ್ಪಿಕೊಂಡೆ. ಮಡಿ ಬೀಗತಿ! ಅವರೂ ಬಿಡಲಿಲ್ಲ.

ಅದಕ್ಕೇ ಹೇಳಿದ್ದು, ನನಗೆ ಪುರುಸೊತ್ತಿಲ್ಲ ಎಂದು. ಮೊಮ್ಮಗಳಿಗೆ ನಾಲ್ಕು ತಿಂಗಳು ತುಂಬಿತು. ಮೂಗು ನನ್ನದು. ಯಾರು ಏನೇ ಅನ್ನಲಿ, ನನ್ನದೇ. ದನಿ ಮುತ್ಯಾನದು, ಅಂದರೆ ನಮ್ಮವರದು, ಅದಕ್ಕೆ ಯಾರೂ ತಕರಾರು ಮಾಡಿಲ್ಲ. ತೊಟ್ಟಿಲು ಅಟ್ಟದಿಂದ ಇಳಿದಿದೆ. ತೂತಿನ ಗಡಿಗೆಗೂ ಕೆಲಸ ಸಿಕ್ಕಿದೆ: ಹೆಸರಿಟ್ಟ ದಿನ ತೋಟದಲ್ಲಿ ಒಂದು ನಿಂಬೆಯ ಸಸಿ ನೆಟ್ಟರು, ಅದರ ಬುಡಕ್ಕೆ ಗಡಿಗೆ ಇಟ್ಟು ನೀರು ತುಂಬುತ್ತಾರೆ. ಏಳು ತೂತಿನಿಂದ ದಿನವೆಲ್ಲ ಹನಿಯುತ್ತದೆ. ನನ್ನ ಮೊಸರಿಗೆ ಹೊಸ ಗಡಿಗೆ ಮಾತ್ರ ಇನ್ನೂ ಬಂದಿಲ್ಲ.

ಮೊನ್ನೆ ಮಧ್ಯಾಹ್ನ ಕೂಸು ನನ್ನ ತೋಳಿನಲ್ಲಿತ್ತು. ಮಗಳು ಬಟ್ಟೆ ಮಡಿಚುತ್ತಿದ್ದಳು. ಇವರು ಬಾಗಿಲಲ್ಲಿ ಕುಳಿತಿದ್ದರು.

"ಅಪ್ಪಾ," ಅಂದಳು ಮಗಳು, "ಆ ರಾಜನ ಮೊಮ್ಮಗನ ಹಾಳಿ ಸಿಗಲೇ ಇಲ್ಲೇನು? ಏನಾತಂತ?"

ಅವರ ಕೈ ಕಿಸೆಗೆ ಹೋಯಿತು, ಅಲ್ಲೇ ನಿಂತಿತು. ನನ್ನನ್ನು ನೋಡಿದರು.

"ನಾ ಓದೇನಿ," ಅಂದೆ.

"ನೀ? ಯಾವಾಗ ಯವ್ವಾ?"

"ಓದೇನಿ ಅಂದೆ ಇಲ್ಲ? ಯುದ್ಧ ಹತ್ತಿತು. ಎಲ್ಲಾರೂ ಹಡಗು ಏರಿದ್ರು. ಅದರ ಆಯಿ ಅದನ್ನ ಎತ್ತಿಕೊಂಡ್ಲು. ಗಟ್ಟಿ ಎತ್ತಿಕೊಂಡ್ಲು. ಕಡೀತನಕ ಕೈ ಬಿಡಲಿಲ್ಲ."

"ಅಷ್ಟ ಆದ್ರ ಸಾಕು ಬಿಡು," ಎಂದು ಮಗಳು ಮಡಿಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಕೂಸಿನ ಬೆನ್ನು ತಟ್ಟುತ್ತಿದ್ದೆ. ಬಾಗಿಲಿನ ಕಡೆಯಿಂದ ಸಣ್ಣ ದನಿಯೊಂದು ಕೇಳಿತು.

"ಮುಂದ?"

ಆ ಹಾಳೆಗಳನ್ನು ಎದೆಯ ಮೇಲೆ ಇಟ್ಟುಕೊಂಡಿರುವ ಮನುಷ್ಯ ನನ್ನನ್ನು ಕೇಳುತ್ತಿದ್ದರು, ನಾನೇನಾದರೂ ಬೇರೆ ಹೇಳಿಯೇನು ಎಂಬಂತೆ.

"ಮುಂದೇನ್ರಿ," ಅಂದೆ, "ಕೂಸು ಆಯಿ ತೋಳಾಗ ಮಲಗೇತಿ. ಮೆಲ್ಲಕ ಮಾತಾಡ್ರಿ."